ಸರ್ವರ್ ನಿಧಾನವೆಂದರೆ ಎಷ್ಟು ನಿಧಾನ?

ಶಿರಸಿಯಲ್ಲಿ ಅಡಿಕೆ ಟೆಂಡರ್ ಮುಗಿದು ಚಾಲಿ, ರಾಶಿ ಬಗೆಗಳ ದರ ಗೊತ್ತಾದ ಮೇಲೆ ಸಂಘಗಳ ಕಚೇರಿಗಳಲ್ಲಿ ಬಿಲ್ ಮಾಡುವ ಕೆಲಸ ಎಲ್ಲ ಕಂಪ್ಯೂಟರುಗಳಲ್ಲಿಯೂ ಒಮ್ಮೆಲೇ ಶುರುವಾಗುತ್ತದೆ. "ಸರ್ವರ್ ಸ್ಲೋ ಇದ್ದು" ಎಂಬ ಮಾತು ಕೇಳಿಬರುವುದೂ ಹೆಚ್ಚಾಗಿ ಅದೇ ಹೊತ್ತಿನಲ್ಲಿ. ಕೂಡಲೇ ಯಾರಾದರೊಬ್ಬರು ಎದ್ದು ಹೋಗಿ ರೌಟರಿನ ಪ್ಲಗ್ ಕಿತ್ತು ಮತ್ತೆ ಹಾಕುತ್ತಾರೆ. ಅದರಿಂದಾಗದಿದ್ದರೆ ಸರ್ವರನ್ನೇ ಮರುಚಾಲನೆ ಮಾಡುತ್ತಾರೆ. ಕೆಲವೊಮ್ಮೆ ಸರಿಹೋಗುವುದೂ ಉಂಟು. ಆದರೆ ಯಾಕೆ ಸರಿಹೋಯಿತೆಂಬುದು ತಿಳಿಯುವುದಿಲ್ಲ, ತಿಳಿಯಲು ಬೇಕಾಗಿದ್ದ ಎಣಿಕೆಗಳೆಲ್ಲ ಆ ಮರುಚಾಲನೆಯಲ್ಲಿಯೇ ಅಳಿಸಿಹೋಗಿರುತ್ತವೆ, ಮತ್ತು ತೊಂದರೆ ಮರುವಾರ ಮರಳಿ ಬರುತ್ತದೆ.

ಇದಕ್ಕಿಂತ ಫಲಕಾರಿಯಾದ ದಾರಿಯೆಂದರೆ ಏನನ್ನೂ ಮುಟ್ಟುವುದಕ್ಕೆ ಮೊದಲು ಆ ನಿಧಾನವನ್ನು ಅಳೆಯುವುದು. ನೆಟ್‌ವರ್ಕಿನ ಬಹಳಷ್ಟು ದೋಷಗಳು ತಮ್ಮದೇ ಆದ ಒಂದು ಅಂಕಿಯೊಂದಿಗೆ ಕಾಣಿಸಿಕೊಳ್ಳುತ್ತವೆ. ಪ್ರತಿಸಲವೂ ಸರಿಯಾಗಿ 5 ಸೆಕೆಂಡ್ ಕಾದು ಆಮೇಲೆ ಸರಾಗವಾಗಿ ನಡೆಯುವುದು ಒಂದು ಬಗೆ. ಕಡತದ ನಕಲು ಸೆಕೆಂಡಿಗೆ 11 ಮೆಗಾಬೈಟನ್ನು ಎಂದಿಗೂ ದಾಟದಿರುವುದು ಬೇರೊಂದು ಬಗೆ. ಲಾಗಿನ್ ಆಗಿ, ದೊಡ್ಡ ಪಟ್ಟಿ ತೆರೆಯುವಾಗ ಮಾತ್ರ ಪರದೆ ಹಾಗೆಯೇ ನಿಂತುಬಿಡುವುದು ಮತ್ತೊಂದು. ಈ ಮೂರಕ್ಕೂ ಕಾರಣಗಳು ಬೇರೆ ಬೇರೆ, ಪರಿಹಾರಗಳೂ ಬೇರೆ. ಹಾಗಾಗಿ ದೂರು ಬಂದಾಗ ಒಂದೇ ಕಂಪ್ಯೂಟರಿಗೋ ಎಲ್ಲವಕ್ಕೋ, ಪ್ರಧಾನ ಕಚೇರಿಯಲ್ಲಿಯೋ ಶಾಖೆಯಲ್ಲಿಯೋ, ಕೆಲಸ ಶುರುವಾಗುವುದು ತಡವೋ ಅಥವಾ ಶುರುವಾದ ಮೇಲೆ ಹರಿವು ಕಡಿಮೆಯೋ, ದಿನವಿಡೀ ಹೀಗೆಯೋ ನಿರ್ದಿಷ್ಟ ಹೊತ್ತಿನಲ್ಲಿಯೋ ಎಂದು ಕೇಳಿ, ಗಡಿಯಾರ ನೋಡಿ ಬರೆದಿಟ್ಟುಕೊಳ್ಳಬೇಕು.

ದೋಷ ನೆಟ್‌ವರ್ಕಿನದೇ ಹೌದೇ ಎಂಬುದನ್ನೂ ಆರಂಭದಲ್ಲಿಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಐಪರ್ಫ್3 ಎಂಬ ಉಚಿತ ಉಪಕರಣವನ್ನು ಸರ್ವರಿನಲ್ಲಿಯೂ ಒಂದು ಕಂಪ್ಯೂಟರಿನಲ್ಲಿಯೂ ಓಡಿಸಿದರೆ ಅದು ಡಿಸ್ಕನ್ನು ಮುಟ್ಟದೆ, ಒಂದರ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ದತ್ತಾಂಶ ಕಳಿಸಿ ವೇಗ ಹೇಳುತ್ತದೆ. ಗಿಗಾಬಿಟ್ ಜಾಲದಲ್ಲಿ ಅದು ಸೆಕೆಂಡಿಗೆ ಸುಮಾರು 940 ಮೆಗಾಬಿಟ್ ತೋರಿಸುತ್ತಿದ್ದು, ಅದೇ ಎರಡು ಯಂತ್ರಗಳ ನಡುವೆ ಕಡತದ ನಕಲು ಮಾತ್ರ ಕುಂಟುತ್ತಿದ್ದರೆ ಕೇಬಲ್, ಸ್ವಿಚ್ಚುಗಳನ್ನು ಬಿಟ್ಟು ಡಿಸ್ಕಿನ ಕಡೆಗೆ, ಆಂಟಿವೈರಸ್ಸಿನ ಕಡೆಗೆ, ಹಗಲು ಹೊತ್ತಿನಲ್ಲಿಯೇ ಓಡುತ್ತಿರುವ ಬ್ಯಾಕಪ್ಪಿನ ಕಡೆಗೆ ತಿರುಗಬೇಕು. ಲಿನಕ್ಸ್ ಸರ್ವರಿನಲ್ಲಿ ಟಾಪ್ ಆಜ್ಞೆಯ ಸಿಪಿಯು ಸಾಲಿನಲ್ಲಿ ಡಿಸ್ಕಿಗಾಗಿ ಕಾಯುವ ಪಾಲು ಎಷ್ಟೆಂದು ಪ್ರತ್ಯೇಕವಾಗಿಯೇ ಬರುತ್ತದೆ. ಜಾಲತಾಣಗಳ ಸ್ಪೀಡ್ ಟೆಸ್ಟನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳುವುದು ಬೇಡ. ಅದು ತನಗೆ ಹತ್ತಿರವಾದ ಯಾವುದೋ ಸರ್ವರಿನವರೆಗಿನ ವೇಗವನ್ನು ಹೇಳುತ್ತದೆಯೇ ಹೊರತು ನಮ್ಮ ಕುಮಟಾ ಶಾಖೆಯಿಂದ ನಮ್ಮ ಶಿರಸಿ ಸರ್ವರಿನವರೆಗಿನ ಸ್ಥಿತಿಯನ್ನಲ್ಲ.

ಶಾಖೆಯ ಮಾತು ಬಂದಾಗ ಎರಡು ಅಳತೆಗಳನ್ನು ಬೇರೆ ಮಾಡಿ ನೋಡುವುದು ಅನಿವಾರ್ಯ. ಸೆಕೆಂಡಿಗೆ ಎಷ್ಟು ದತ್ತಾಂಶ ಹೋಗಬಲ್ಲದೆಂಬುದು ಬ್ಯಾಂಡ್‌ವಿಡ್ತ್. ಒಂದು ಪ್ಯಾಕೆಟ್, ಅಂದರೆ ಜಾಲದಲ್ಲಿ ಕಳಿಸುವ ದತ್ತಾಂಶದ ಒಂದು ತುಂಡು, ಹೋಗಿ ಅದರ ಉತ್ತರ ಮರಳಲು ಎಷ್ಟು ಹೊತ್ತು ಹಿಡಿಯುತ್ತದೆಂಬುದು ಲೇಟೆನ್ಸಿ. ದೇವಿಮನೆ ಘಟ್ಟ ಇಳಿಯುವ ಲಾರಿಗೆ ನೂರು ಚೀಲ ಹೇರಿದರೂ ಇನ್ನೂರು ಹೇರಿದರೂ ಕುಮಟಾ ತಲುಪುವ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರುವಂತೆ, ದೊಡ್ಡ ಪ್ಲಾನ್ ಹಾಕಿಸಿಕೊಂಡ ಮಾತ್ರಕ್ಕೆ ಹೋಗಿಬರುವ ಸಮಯ ಕಡಿಮೆಯಾಗುವುದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ 1,000 ಕಿಲೋಮೀಟರಿಗೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು. ಶಿರಸಿಯಿಂದ ಕುಮಟಾ 60 ಕಿಲೋಮೀಟರ್ ದೂರವಷ್ಟೇ, ಹಾಗಿರುವಾಗ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಾಕಲ್ಲವೇ ಎಂದು ಕೇಳಬಹುದು. ಆದರೆ ಎರಡು ಊರುಗಳಲ್ಲಿ ಎರಡು ಬೇರೆ ಕಂಪನಿಗಳ ಸಂಪರ್ಕವಿದ್ದರೆ ಆ ಕಂಪನಿಗಳ ಜಾಲಗಳು ಪರಸ್ಪರ ಕೂಡುವುದು ಸಾಮಾನ್ಯವಾಗಿ ಬೆಂಗಳೂರು, ಮುಂಬೈ, ಚೆನ್ನೈಗಳಂಥ ದೊಡ್ಡ ನಗರಗಳಲ್ಲಿ. ಹಾಗಾಗಿ ಕುಮಟಾದ ಒಂದು ಬಿಲ್ ಘಟ್ಟದ ಮೇಲಿನ ಸರ್ವರನ್ನು ತಲುಪಲು ಅಲ್ಲಿಯವರೆಗೆ ಹೋಗಿ ತಿರುಗಿ ಬರುವುದು ಅಸಹಜವೇನಲ್ಲ. 40 ಮಿಲಿಸೆಕೆಂಡ್ ಎಂಬ ಅಂಕಿ, ಈ ಹೋಗಿಬರುವ ಸಮಯವನ್ನು ಅಳೆಯುವ ಪಿಂಗ್ ಆಜ್ಞೆಯಲ್ಲಿ ಕಂಡರೆ ಅದು ದೋಷವಲ್ಲ, ದಾರಿಯ ಉದ್ದ.

ಈ 40 ಮಿಲಿಸೆಕೆಂಡ್ ತಾನಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಶುರುವಾಗುವುದು ತಂತ್ರಾಂಶ ಮಾತುಗಾರನಾದಾಗ. ಒಂದೇ ಕಚೇರಿಯೊಳಗಿನ ಬಳಕೆಗೆಂದು ಬರೆದ ಹಳೆಯ ಲೆಕ್ಕಪತ್ರ ತಂತ್ರಾಂಶಗಳು ಒಬ್ಬ ಸದಸ್ಯರ ಖಾತೆ ತೆರೆಯಲು ಡೇಟಾಬೇಸಿಗೆ ಒಂದರ ಹಿಂದೊಂದರಂತೆ ನೂರಾರು ಪ್ರಶ್ನೆ ಕೇಳುವುದುಂಟು: ಹೆಸರು ಒಂದು ಪ್ರಶ್ನೆ, ಹಿಂದಿನ ಬಾಕಿ ಇನ್ನೊಂದು, ಪ್ರತಿಯೊಂದು ಲಾಟಿನ ತೂಕಕ್ಕೆ ಮತ್ತೊಂದು. ಹೀಗೆ 300 ಪ್ರಶ್ನೆಗಳಾದವೆಂದು ಇಟ್ಟುಕೊಳ್ಳೋಣ. ಕಚೇರಿಯೊಳಗೆ ಹೋಗಿಬರಲು ಅರ್ಧ ಮಿಲಿಸೆಕೆಂಡ್ ಸಾಕಾಗುವುದರಿಂದ ಅವೆಲ್ಲ ಸೇರಿ ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿಯುತ್ತವೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಅದೇ ತಂತ್ರಾಂಶವನ್ನು, ಎರಡು ಕಚೇರಿಗಳನ್ನು ಇಂಟರ್‌ನೆಟ್ಟಿನ ಮೇಲೆ ಖಾಸಗಿಯಾಗಿ ಜೋಡಿಸುವ ವಿಪಿಎನ್ ಮೂಲಕ ಕುಮಟಾದಲ್ಲಿ ತೆರೆದರೆ 300 ಸಲ 40 ಮಿಲಿಸೆಕೆಂಡ್, ಅಂದರೆ 12 ಸೆಕೆಂಡ್. ಆ 12 ಸೆಕೆಂಡುಗಳ ಕಾಲ ತಂತಿಯ ಮೇಲೆ ಹರಿಯುವ ದತ್ತಾಂಶ ಅತ್ಯಲ್ಪವಾಗಿರುವುದರಿಂದ 50 ಮೆಗಾಬಿಟ್ಟಿನ ಸಂಪರ್ಕವನ್ನು 300ಕ್ಕೆ ಏರಿಸಿದರೂ ಅದು 12 ಸೆಕೆಂಡಾಗಿಯೇ ಉಳಿಯುತ್ತದೆ. ಪ್ಲಾನ್ ಬದಲಿಸಲು ಖರ್ಚು ಮಾಡುವ ಮೊದಲು ಈ ಗುಣಾಕಾರವನ್ನು ಮಾಡಿ ನೋಡುವ ಅಭ್ಯಾಸ ನಮ್ಮಲ್ಲಿ ತೀರ ಕಡಿಮೆ ಎಂದೇ ನನ್ನ ಅನಿಸಿಕೆ. ಇಂಥಲ್ಲಿ ತಂತ್ರಾಂಶ ಬರೆದವರಿಂದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕೇಳುವಂತೆ ತಿದ್ದಿಸಬೇಕು; ಅದಾಗದಿದ್ದರೆ ತಂತ್ರಾಂಶವನ್ನು ಸರ್ವರಿನ ಬಳಿಯೇ ಓಡಿಸಿ, ಶಾಖೆಯವರು ರಿಮೋಟ್ ಡೆಸ್ಕ್‌ಟಾಪಿನ ಮೂಲಕ ಅದರ ಪರದೆಯನ್ನಷ್ಟೇ ನೋಡುವಂತೆ ಮಾಡಬೇಕು.

ಇನ್ನು 5 ಸೆಕೆಂಡಿನ ವಿಷಯ. ದೂರದಿಂದ ಆಜ್ಞೆ ಕೊಡಲು ಬಳಸುವ ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಲಾಗಿನ್ ಆಗಲು ಹೊರಟಾಗ ಕರ್ಸರ್ ಮಿನುಗುತ್ತ ನಿಂತು, 5 ಅಥವಾ 10 ಸೆಕೆಂಡುಗಳ ನಂತರ ಪಾಸ್‌ವರ್ಡ್ ಕೇಳಿ, ಒಳಗೆ ಹೋದ ಮೇಲೆ ಎಲ್ಲವೂ ಚುರುಕಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು. ಲಿನಕ್ಸ್ ಯಂತ್ರವು ಹೆಸರನ್ನು ವಿಳಾಸಕ್ಕೆ ಬದಲಿಸಲು ತನ್ನ ರಿಸಾಲ್ವ್.ಕಾನ್ಫ್ ಕಡತದಲ್ಲಿ ಮೊದಲು ಬರೆದಿರುವ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಉತ್ತರ ಬರದಿದ್ದರೆ 5 ಸೆಕೆಂಡ್ ಕಾದು ಎರಡನೆಯದನ್ನು ಕೇಳುತ್ತದೆ. ಈ 5 ಎಂಬುದು ಅಲ್ಲಿ ಯಾರೂ ಬದಲಿಸದಿದ್ದರೆ ಇರುವ ಅವಧಿ. ಇಂಟರ್‌ನೆಟ್ ಕಂಪನಿಯನ್ನು ಬದಲಿಸಿ ಹೊಸ ಫೈಬರ್ ಎಳೆಸಿಕೊಂಡಾಗ ಸರ್ವರಿನಲ್ಲಿ ಹಳೆಯ ಕಂಪನಿಯ ಡಿಎನ್‌ಎಸ್ ವಿಳಾಸವೇ ಮೊದಲ ಸಾಲಿನಲ್ಲಿ ಉಳಿದುಹೋಗುವುದು ಸಾಮಾನ್ಯ. ಹೊರಗಿನವರ ಪ್ರಶ್ನೆಗೆ ಅದು ಉತ್ತರಿಸದೆ ಸುಮ್ಮನಿರುತ್ತದೆ, ಎರಡನೆಯದು ಉತ್ತರಿಸುತ್ತದೆ, ಆದ್ದರಿಂದ ಯಾವ ಕೆಲಸವೂ ಕೆಡುವುದಿಲ್ಲ; ಪ್ರತಿಯೊಂದಕ್ಕೂ 5 ಸೆಕೆಂಡ್ ಸೇರುತ್ತದೆ ಅಷ್ಟೇ. ಡಿಗ್ ಎಂಬ ಆಜ್ಞೆಯಿಂದ ಪಟ್ಟಿಯಲ್ಲಿರುವ ಒಂದೊಂದು ಡಿಎನ್‌ಎಸ್ಸನ್ನೂ ಪ್ರತ್ಯೇಕವಾಗಿ ಕೇಳಿದರೆ ಯಾವುದು ಮೌನವಾಗಿದೆಯೆಂದು ನಿಮಿಷದಲ್ಲಿ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹೆಸರಿನ ಬದಲು ಐಪಿ ವಿಳಾಸವನ್ನೇ ಕೊಟ್ಟು ಸಂಪರ್ಕಿಸಿದರೂ ತಡವಾಗುತ್ತಿದೆಯೆಂದ ಮಾತ್ರಕ್ಕೆ ಡಿಎನ್‌ಎಸ್ ನಿರ್ದೋಷಿಯಾಗುವುದಿಲ್ಲ, ಏಕೆಂದರೆ ಸರ್ವರ್ ತಾನೇ ತಿರುಗಿ ಬಂದವನ ವಿಳಾಸದಿಂದ ಅವನ ಹೆಸರನ್ನು ಹುಡುಕುತ್ತಿರಬಹುದು. ಹಳೆಯ ಓಪನ್‌ಎಸ್‌ಎಸ್‌ಎಚ್ ಹಾಗೆ ಮಾಡುತ್ತಿತ್ತು, 2015ರ 6.8 ಆವೃತ್ತಿಯಿಂದ ಆ ಹುಡುಕಾಟ ತಾನಾಗಿ ನಡೆಯುವುದಿಲ್ಲ. ಮೈಎಸ್‌ಕ್ಯುಎಲ್ ಡೇಟಾಬೇಸಿಗೂ ಇದೇ ಅಭ್ಯಾಸವಿದ್ದು, ಹೆಸರು ಹುಡುಕಬೇಡವೆಂದು ಅದರ ಸಂರಚನೆಯಲ್ಲಿ ಒಂದು ಸಾಲು ಸೇರಿಸಿದರೆ ಬಿಲ್ಲಿಂಗ್ ತಂತ್ರಾಂಶ ತೆರೆಯುವ ತಡ ಮಾಯವಾಗುವ ಸಂದರ್ಭಗಳಿವೆ. ಆದರೆ ಆ ಸಾಲು ಸೇರಿಸುವ ಮೊದಲು ಬಳಕೆದಾರರ ಅನುಮತಿಗಳು ಹೆಸರಿನ ಮೇಲಲ್ಲದೆ ಐಪಿ ವಿಳಾಸದ ಮೇಲೆ ಇವೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ನಿಧಾನವಾಗಿದ್ದದ್ದು ಪೂರ್ತಿ ನಿಂತೇಹೋಗುತ್ತದೆ.

ಸಂಪರ್ಕ ಸಾಧಿಸಲು ಕೆಲವೊಮ್ಮೆ ಮಾತ್ರ 1 ಸೆಕೆಂಡ್, ಅಪರೂಪಕ್ಕೆ 3 ಸೆಕೆಂಡ್ ಹಿಡಿಯುತ್ತಿದ್ದು ಉಳಿದಂತೆ ತಕ್ಷಣ ಆಗುತ್ತಿದ್ದರೆ ಅದು ದತ್ತಾಂಶ ಸರಿಯಾಗಿ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಎಂಬ ನಿಯಮಾವಳಿಯ ಮೊದಲ ಪ್ಯಾಕೆಟ್ ಕಳೆದುಹೋಗುತ್ತಿರುವುದರ ಗುರುತು. ಕಳಿಸಿದ ಆ ಪ್ಯಾಕೆಟ್ಟಿಗೆ ಉತ್ತರ ಬರದಿದ್ದಾಗ 1 ಸೆಕೆಂಡ್ ಕಾದು ಮತ್ತೆ ಕಳಿಸಬೇಕು, ಅದಕ್ಕೂ ಉತ್ತರವಿಲ್ಲದಿದ್ದರೆ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಬೇಕು ಎಂಬುದು ನಿಯಮ. ಈಚಿನ ಲಿನಕ್ಸ್ ಕರ್ನಲ್‌ಗಳು ಮಾತ್ರ ಮೊದಲ ಕೆಲವು ಸಲ ಒಂದೊಂದು ಸೆಕೆಂಡಿಗೇ ಮರುಯತ್ನಿಸುತ್ತವೆ. ದಾರಿಯಲ್ಲಿ ಪ್ಯಾಕೆಟ್ ನಷ್ಟವಿರಬಹುದು. ಅಥವಾ ಸರ್ವರಿನ ಹೊಸ ಸಂಪರ್ಕಗಳ ಸರದಿ ತುಂಬಿಹೋಗಿರಬಹುದು. ಆ ಸರದಿಯ ಮಿತಿ ಲಿನಕ್ಸಿನಲ್ಲಿ ಬಹುಕಾಲ 128 ಇದ್ದು, 2019ರಲ್ಲಿ ಬಂದ 5.4ನೆಯ ಕರ್ನಲ್‌ನಿಂದ 4096 ಆಗಿದೆ. ಹಳೆಯ ಯಂತ್ರಗಳಲ್ಲಿ ಇದನ್ನು ಪರೀಕ್ಷಿಸುವುದು ವ್ಯರ್ಥವಲ್ಲ.

ಸೆಕೆಂಡಿಗೆ 11 ಮೆಗಾಬೈಟ್ ಎಂಬ ಅಂಕಿಗೆ ಬರೋಣ. ಬಿಟ್ಟನ್ನು ಬೈಟಿಗೆ ಬದಲಿಸಲು ಎಂಟರಿಂದ ಭಾಗಿಸಬೇಕಾದ್ದರಿಂದ ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 110 ಮೆಗಾಬೈಟಿಗಿಂತ ಹೆಚ್ಚು ಸಿಗಬೇಕು. 11ರಿಂದ 12ಕ್ಕೆ ನಿಂತುಬಿಟ್ಟಿತೆಂದರೆ ಆ ಸಂಪರ್ಕ 100 ಮೆಗಾಬಿಟ್ಟಿಗೆ ಇಳಿದಿದೆ. ಈಥರ್‌ನೆಟ್ ಕೇಬಲ್ಲಿನೊಳಗೆ ನಾಲ್ಕು ಜೋಡಿ ತಂತಿಗಳಿವೆ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್ಟಿಗೆ 1, 2, 3 ಮತ್ತು 6ನೆಯ ಪಿನ್‌ಗಳ ಎರಡೇ ಜೋಡಿ ಸಾಕು. ಉಳಿದ ನಾಲ್ಕು ಪಿನ್‌ಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಎರಡೂ ತುದಿಯ ಸಾಧನಗಳು ಕಡಿಮೆ ವೇಗಕ್ಕೆ ಒಪ್ಪಿಕೊಂಡು ಕೆಲಸ ಮುಂದುವರಿಸುವುದು ಸಾಮಾನ್ಯ. ದೀಪ ಉರಿಯುತ್ತಿರುತ್ತದೆ, ಪಿಂಗ್ ಚೆನ್ನಾಗಿಯೇ ಬರುತ್ತಿರುತ್ತದೆ, ಹಾಗಾಗಿ ಯಾರ ಅನುಮಾನವೂ ಕೇಬಲ್ಲಿನ ಮೇಲೆ ಹೋಗುವುದಿಲ್ಲ. ಕಾರವಾರದ ಬೈತಖೋಲ, ಕೋಡಿಬಾಗಗಳಂಥ ಕಡಲಿಗೆ ತಾಗಿದ ಜಾಗಗಳಲ್ಲಿ ಉಪ್ಪಿನ ಗಾಳಿ ಲೋಹವನ್ನು ಬಿಡುವುದಿಲ್ಲ. ಕನೆಕ್ಟರನ್ನು ಸಾಕೆಟ್ಟಿನಿಂದ ಹೊರತೆಗೆದು ಬೆಳಕಿಗೆ ಹಿಡಿದರೆ ಹೊಂಬಣ್ಣದಲ್ಲಿರಬೇಕಾದ ಎಂಟು ಪಟ್ಟಿಗಳಲ್ಲಿ ಒಂದೆರಡು ಮಾಸಿ ಹಸಿರು ತಿರುಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಕಡಿಮೆ ಬೆಲೆಯ ಕನೆಕ್ಟರುಗಳ ಚಿನ್ನದ ಲೇಪ ತೀರ ತೆಳುವಾಗಿರುವುದರಿಂದ ಈ ಗತಿ ಬೇಗ ಬರುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲದಿದ್ದರೂ ಮಳೆಗಾಲದ ತೇವ ತಿಂಗಳುಗಟ್ಟಲೆ ಇರುತ್ತದೆ, ಮತ್ತು ಮಳೆಗಾಲಕ್ಕೆ ಮೊದಲಿನ ಗುಡುಗು ಮಿಂಚಿಗೆ ಸ್ವಿಚ್ಚಿನ ಪೋರ್ಟ್ ಪೂರ್ತಿ ಸಾಯದೆ ಅರೆಜೀವವಾಗಿ ಉಳಿಯುವುದುಂಟು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ಲನ್ನು ಅಗ್ಗವೆಂದು ಕೊಳ್ಳುವುದರ ಬಗ್ಗೆ ಹೇಳುವುದಾದರೆ, ಸರ್ವರಿನ ಕೇಬಲ್ಲಿನಲ್ಲಿ ಆ ಉಳಿತಾಯ ಬೇಡ.

ಲಿನಕ್ಸಿನಲ್ಲಿ ಈಥ್‌ಟೂಲ್ ಎಂಬ ಆಜ್ಞೆ ಒಪ್ಪಿಕೊಂಡಿರುವ ವೇಗವನ್ನೂ, ಸೂಕ್ತ ಆಯ್ಕೆ ಕೊಟ್ಟರೆ ಸಿಆರ್‌ಸಿ ದೋಷಗಳ ಎಣಿಕೆಯನ್ನೂ ತೋರಿಸುತ್ತದೆ. ಸಿಆರ್‌ಸಿ ದೋಷವೆಂದರೆ ದಾರಿಯಲ್ಲಿ ಕೆಟ್ಟುಹೋಗಿ ಬಂದ ಚೌಕಟ್ಟು (ಫ್ರೇಮ್), ಅಂದರೆ ಪ್ಯಾಕೆಟ್ಟನ್ನು ಹೊತ್ತು ತಂತಿಯ ಮೇಲೆ ಹೋಗುವ ಲಕೋಟೆ. ಆ ಎಣಿಕೆ ಏರುತ್ತಲೇ ಇದ್ದರೆ ಕೇಬಲ್, ಕನೆಕ್ಟರ್ ಅಥವಾ ಪೋರ್ಟ್ ಬದಲಿಸಬೇಕು, ಒಂದು ಸಲಕ್ಕೆ ಒಂದನ್ನೇ. ಒಂದು ತುದಿಯಲ್ಲಿ ಯಾರೋ 100 ಮೆಗಾಬಿಟ್, ಫುಲ್ ಡ್ಯುಪ್ಲೆಕ್ಸ್ (ಏಕಕಾಲಕ್ಕೆ ಕಳಿಸುವುದೂ ಪಡೆಯುವುದೂ) ಎಂದು ಕೈಯಾರೆ ನಿಗದಿ ಮಾಡಿ, ಇನ್ನೊಂದು ತುದಿ ಆಟೋ ಎಂದೇ ಉಳಿದಿದ್ದರೂ ಇಂಥ ದೋಷಗಳು ಏರುತ್ತವೆ. ಆಟೋದಲ್ಲಿರುವ ಸಾಧನಕ್ಕೆ ಎದುರಿನ ವೇಗ ತಿಳಿಯುತ್ತದೆಯಾದರೂ ಡ್ಯುಪ್ಲೆಕ್ಸ್ ತಿಳಿಯದೆ ಅದು ಹಾಫ್, ಅಂದರೆ ಒಮ್ಮೆಗೆ ಒಂದೇ ದಿಕ್ಕು, ಎಂದುಕೊಳ್ಳುತ್ತದೆ. ಒಂದು ಕಡೆಯವರು ಯಾವಾಗ ಬೇಕಾದರೂ ಕಳಿಸುತ್ತಾರೆ, ಇನ್ನೊಂದು ಕಡೆಯವರು ಅದನ್ನು ಡಿಕ್ಕಿ ಎಂದು ತಿಳಿಯುತ್ತಾರೆ. ಕೆಲಸ ಕಡಿಮೆಯಿದ್ದಾಗ ಇದು ಗೊತ್ತಾಗುವುದಿಲ್ಲ, ಟೆಂಡರಿನ ದಿನ ಗೊತ್ತಾಗುತ್ತದೆ. ಎರಡೂ ಕಡೆ ಆಟೋ ಇರಿಸುವುದೇ ಪರಿಹಾರ.

ಪ್ಯಾಕೆಟ್ ನಷ್ಟ ಶೇ. 1 ಎಂದು ಪಿಂಗ್ ತೋರಿಸಿದಾಗ ನೂರಕ್ಕೆ ಒಂದು ತಾನೇ ಎಂದು ಹಗುರವಾಗಿ ಕಾಣುವವರಿದ್ದಾರೆ. ಟಿಸಿಪಿಯ ಲೆಕ್ಕ ಹಾಗಿಲ್ಲ. ಪ್ಯಾಕೆಟ್ ಕಳೆದಾಗಲೆಲ್ಲ ಅದು ದಾರಿಯಲ್ಲಿ ದಟ್ಟಣೆಯಿದೆಯೆಂದು ಭಾವಿಸಿ ತನ್ನ ವೇಗವನ್ನು ತಗ್ಗಿಸಿಕೊಂಡು ಮೆಲ್ಲಗೆ ಮತ್ತೆ ಏರುತ್ತದೆ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರದ ಪ್ರಕಾರ ವೇಗವು ಹೋಗಿಬರುವ ಸಮಯಕ್ಕೂ ನಷ್ಟದ ವರ್ಗಮೂಲಕ್ಕೂ ವಿಲೋಮವಾಗಿರುತ್ತದೆ; 40 ಮಿಲಿಸೆಕೆಂಡಿನ ದಾರಿಯಲ್ಲಿ ಶೇ. 1ರ ನಷ್ಟವಿದ್ದರೆ ಒಂದು ಸಂಪರ್ಕಕ್ಕೆ ಸುಮಾರು ಮೂರೂವರೆ ಮೆಗಾಬಿಟ್ ಮಾತ್ರ ದಕ್ಕುತ್ತದೆ, ಕಂಪನಿ ಕೊಟ್ಟದ್ದು 100 ಆಗಿದ್ದರೂ. ಲಿನಕ್ಸಿನಲ್ಲಿ 2006ರಿಂದ ಇರುವ ಕ್ಯೂಬಿಕ್, 2016ರಲ್ಲಿ ಗೂಗಲ್ ಪ್ರಕಟಿಸಿದ ಬಿಬಿಆರ್ ಮುಂತಾದ, ವೇಗವನ್ನು ತಗ್ಗಿಸಿ ಏರಿಸುವ ಹೊಸ ವಿಧಾನಗಳಲ್ಲಿ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲವಾದರೂ, ಅಲ್ಪ ನಷ್ಟಕ್ಕೂ ದೊಡ್ಡ ದಂಡವಿರಬಲ್ಲದೆಂಬ ಅಂದಾಜಿಗೆ ಅದು ಸಾಕು. ನಷ್ಟ ಎಲ್ಲಿ ಆಗುತ್ತಿದೆಯೆಂದು ನೋಡಲು, ದಾರಿಯ ಪ್ರತಿ ರೌಟರನ್ನೂ ಒಂದೊಂದು ಸಾಲಿನಲ್ಲಿ ತೋರಿಸುವ ಎಂಟಿಆರ್ ಬಳಸುವವರು ಒಂದು ತಪ್ಪು ತೀರ್ಮಾನಕ್ಕೆ ಬರುವುದು ಸುಲಭ. ಮಧ್ಯದ ಯಾವುದೋ ರೌಟರಿನ ಮುಂದೆ ಶೇ. 60 ನಷ್ಟ ಎಂದಿದ್ದು ಕೊನೆಯ ಸಾಲಿನಲ್ಲಿ ಸೊನ್ನೆಯಿದ್ದರೆ ಅಲ್ಲಿ ನಷ್ಟವೇ ಇಲ್ಲ. ಆ ರೌಟರ್ ಪಿಂಗ್‌ನಂಥ ವಿಚಾರಣೆಗಳಿಗೆ ಉತ್ತರಿಸುವುದನ್ನು ಮಿತಿಗೊಳಿಸಿದೆ, ಬೇರೆಯವರ ಪ್ಯಾಕೆಟ್ಟುಗಳನ್ನು ಸರಿಯಾಗಿಯೇ ಮುಂದೆ ಕಳಿಸುತ್ತಿದೆ. ಒಂದು ಸಾಲಿನಿಂದ ಶುರುವಾಗಿ ಕೊನೆಯವರೆಗೂ ಮುಂದುವರಿಯುವ ನಷ್ಟವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಬೇಕು.

ಲಾಗಿನ್ ಆಗುತ್ತದೆ, ಸಣ್ಣ ಪುಟಗಳು ತೆರೆಯುತ್ತವೆ, ದೊಡ್ಡ ವರದಿ ಕೇಳಿದರೆ ನಿಂತುಬಿಡುತ್ತದೆ ಎಂಬ ಲಕ್ಷಣ ಎಂಟಿಯುವಿನದು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರದ್ದು. ಈಥರ್‌ನೆಟ್ಟಿನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರಬಹುದು. ಬಳಕೆದಾರ ಹೆಸರು, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಬಗೆಯ ಫೈಬರ್ ಸಂಪರ್ಕದಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ, ವಿಪಿಎನ್ ಇನ್ನಷ್ಟು ತಿನ್ನುತ್ತದೆ. ದೊಡ್ಡ ಪ್ಯಾಕೆಟ್ ಹಿಡಿಸದಿದ್ದಾಗ ದಾರಿಯ ರೌಟರ್ ಐಸಿಎಂಪಿ ಎಂಬ ಜಾಲದ ಸೂಚನಾ ಸಂದೇಶದ ಮೂಲಕ ಅದನ್ನು ತಿಳಿಸಬೇಕು, ಆದರೆ ಭದ್ರತೆಯ ಹೆಸರಿನಲ್ಲಿ ಫೈರ್‌ವಾಲಿನಲ್ಲಿ ಐಸಿಎಂಪಿಯನ್ನು ಪೂರ್ತಿ ಮುಚ್ಚಿದ್ದರೆ ಆ ಸಂದೇಶ ತಲುಪುವುದಿಲ್ಲ, ಕಳಿಸುವವನು ಅದೇ ಗಾತ್ರದ್ದನ್ನು ಮತ್ತೆ ಮತ್ತೆ ಕಳಿಸುತ್ತಾನೆ. ತುಂಡು ಮಾಡಬಾರದೆಂಬ ಸೂಚನೆಯೊಂದಿಗೆ 1472 ಬೈಟಿನ ಪಿಂಗ್ ಕಳಿಸಿ, ಹೋಗದಿದ್ದರೆ 1464ಕ್ಕೆ, ಮತ್ತೂ ಕೆಳಕ್ಕೆ ಇಳಿಸುತ್ತ ಬಂದರೆ ದಾರಿಯ ಅಳತೆ ಸಿಗುತ್ತದೆ. ಪಿಂಗ್‌ನ ಅಂಕಿಗೆ 28 ಕೂಡಿಸಿದರೆ ಅದೇ ಎಂಟಿಯು. ಅದನ್ನು ವಿಪಿಎನ್‌ನಲ್ಲಿ ನಮೂದಿಸಿ, ರೌಟರಿನಲ್ಲಿ ಟಿಸಿಪಿ ತುಂಡುಗಳ ಗಾತ್ರವನ್ನು ಈ ಮಿತಿಯೊಳಗೆ ಇಡುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಸೌಲಭ್ಯವಿದ್ದರೆ ಚಾಲೂ ಮಾಡಬೇಕು.

ನಿರ್ದಿಷ್ಟ ಹೊತ್ತಿನಲ್ಲಿ ಮಾತ್ರ ನಿಧಾನವಾಗುವುದರ ಹಿಂದೆ ಹಲವು ವೇಳೆ ಅಪ್‌ಲೋಡ್ ಇರುತ್ತದೆ. ಗೋದಾಮಿನ ಕ್ಯಾಮೆರಾಗಳ ದೃಶ್ಯವೋ ಬ್ಯಾಕಪ್ಪೋ ಕ್ಲೌಡಿಗೆ ಹೋಗಲು ಶುರುವಾದಾಗ ರೌಟರಿನ ಹೊರಹೋಗುವ ಸರದಿ ತುಂಬುತ್ತದೆ. 10 ಮೆಗಾಬಿಟ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ 1 ಮೆಗಾಬೈಟ್ ಸರದಿ ಖಾಲಿಯಾಗಲು 800 ಮಿಲಿಸೆಕೆಂಡ್ ಬೇಕು, ಮತ್ತು ಬಿಲ್ಲಿನ ಪುಟ್ಟ ಪ್ಯಾಕೆಟ್ ಆ ಎಲ್ಲದರ ಹಿಂದೆ ನಿಲ್ಲಬೇಕು. ಬಫರ್‌ಬ್ಲೋಟ್ ಎಂದು ಕರೆಯುವ ಈ ದೋಷದಲ್ಲಿ ಪ್ಯಾಕೆಟ್ ಕಳೆಯುವುದೇ ಅಪರೂಪ, ಆದ್ದರಿಂದ ನಷ್ಟದ ಅಂಕಿ ಸೊನ್ನೆಯಿದ್ದು ಪಿಂಗ್ ಸಮಯ ಮಾತ್ರ 20ರಿಂದ 800ಕ್ಕೆ ಹಾರುತ್ತದೆ. ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ ಮತ್ತು ಅದರಿಂದ ಬೆಳೆದ ಎಫ್‌ಕ್ಯೂ ಕೋಡೆಲ್ ಸರದಿಯನ್ನು ಉದ್ದಕ್ಕೆ ಬೆಳೆಯಗೊಡುವುದಿಲ್ಲ, ಎರಡನೆಯದು ಸಣ್ಣ ಹರಿವುಗಳಿಗೆ ಜಾಗವನ್ನೂ ಬಿಡುತ್ತದೆ. ಅದು ರೌಟರಿನಲ್ಲಿದ್ದರೆ ಅಪ್‌ಲೋಡಿನ ಮಿತಿಯನ್ನು ನಿಜವಾದ ವೇಗಕ್ಕಿಂತ ತುಸು ಕಡಿಮೆ ಇಟ್ಟು ಚಾಲೂ ಮಾಡಬಹುದು. ಇಲ್ಲದಿದ್ದರೆ ಬ್ಯಾಕಪ್ಪನ್ನು ರಾತ್ರಿಗೆ ಹಾಕಬಹುದು.

ಇಷ್ಟೆಲ್ಲ ನೋಡಿದ ಮೇಲೂ ದೋಷ ಹೊರಗಿನದೆಂದು ಖಚಿತವಾದಾಗ ಕಂಪನಿಗೆ ದೂರು ಕೊಡಬೇಕಾಗುತ್ತದೆ. ಕರಾವಳಿಯ ಹೆದ್ದಾರಿ ಅಗಲೀಕರಣ, ಘಟ್ಟಗಳಲ್ಲಿ ಮಣ್ಣು ಜರಿಯುವುದು, ತೋಟದ ಮೇಲಿನ ತಂತಿಗೆ ಮರ ಬೀಳುವುದು, ಇವುಗಳಿಂದ ತುಂಡಾದ ಫೈಬರನ್ನು ಮತ್ತೆ ಮತ್ತೆ ಜೋಡಿಸಿದಾಗ ಪ್ರತಿ ಜೋಡಣೆಯಲ್ಲಿಯೂ ಒಂದಿಷ್ಟು ಬೆಳಕು ಸೋರುತ್ತದೆ. ಮನೆ, ಕಚೇರಿಗಳಿಗೆ ಬರುವ ಜಿಪಾನ್ ಬಗೆಯ ಫೈಬರ್ ಸಂಪರ್ಕದಲ್ಲಿ, ಫೈಬರ್ ಬಂದು ಸೇರುವ ಸಾಮಾನ್ಯ ದರ್ಜೆಯ ಒಎನ್‌ಟಿ ಸಾಧನ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ) ವರೆಗಿನ ಬೆಳಕನ್ನು ಓದಬಲ್ಲದು. ಅದರ ಪುಟ ತೆರೆದರೆ ಬರುತ್ತಿರುವ ಬೆಳಕಿನ ಅಂಕಿ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಸರಿಯಾಗಿದ್ದಾಗ ಮೈನಸ್ 20 ಇದ್ದದ್ದು ಈಗ ಮೈನಸ್ 26 ಆಗಿದ್ದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿದೆಯೆಂದು ಅರ್ಥ, ಏಕೆಂದರೆ ಪ್ರತಿ 3 ಡೆಸಿಬೆಲ್ಲಿಗೆ ಅದು ಅರ್ಧವಾಗುತ್ತದೆ. ನೆಟ್ ಸ್ಲೋ ಎಂದು ದೂರಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ಬೆಳಕಿನ ಈ ಎರಡು ಅಂಕಿಗಳನ್ನು ದಿನಾಂಕ ಸಮೇತ ಹೇಳಿದರೆ ಲೈನ್‌ಮ್ಯಾನ್ ಬರುವ ಸಾಧ್ಯತೆ ಹೆಚ್ಚು. ಬೆಳಕು ಸರಿಯಿದ್ದೂ ನಷ್ಟವಿದ್ದರೆ ಎಂಟಿಆರ್ ಫಲಿತಾಂಶವನ್ನು ಕಳಿಸಬೇಕು, ಶಿರಸಿಯಿಂದ ಕುಮಟಾಕ್ಕೆ ಒಂದು, ಕುಮಟಾದಿಂದ ಶಿರಸಿಗೆ ಇನ್ನೊಂದು. ಪ್ಯಾಕೆಟ್ ಹೋಗುವ ದಾರಿ ಮತ್ತು ಉತ್ತರ ಬರುವ ದಾರಿ ಒಂದೇ ಆಗಿರಬೇಕೆಂಬ ನಿಯಮವಿಲ್ಲದ ಕಾರಣ ಒಂದೇ ಕಡೆಯಿಂದ ತೆಗೆದ ಪಟ್ಟಿಯಲ್ಲಿ ಮರಳುವ ದಾರಿಯ ರೌಟರುಗಳು ಕಾಣುವುದೇ ಇಲ್ಲ, ನಷ್ಟ ಅಲ್ಲಿಯೇ ಆಗುತ್ತಿದ್ದರೂ ಅದು ಹೋಗುವ ದಾರಿಯ ಸಾಲುಗಳ ಲೆಕ್ಕಕ್ಕೇ ಬರೆದುಕೊಂಡಿರುತ್ತದೆ.